ನೀರಿನ ನಂಬುಗೆಯ ಚರಿತ್ರೆ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯ ಗ್ರಾಮೀಣ ಕುಡಿಯುವ ನೀರು

ನೀರನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿಬಂದಿವೆ. ಗಂಗೆಪೂಜೆ, ಮಳೆರಾಯನ ಆಚರಣೆ, ಕೆರೆಗೆ ಬಲಿ ಕೊಟ್ಟ ಕಥನಗೀತೆಗಳು ಮೊದಲಾದವನ್ನು ಸಂಗ್ರಹಿಸಿ ವಿಶ್ಲೇಷಿಸುವುದು ಒಂದು ದಾರಿ. ಕೆರೆ, ಕಾಲುವೆ, ತೂಬುಗಳನ್ನು ಕೃಷಿ ಚರಿತ್ರೆಯ ಭಾಗವಾಗಿ ನೋಡುವುದು ಇನ್ನೊಂದು. ದಿನನಿತ್ಯ ಮನೆಯೊಳಕ್ಕೆ ಬರಬೇಕಾದ ಬಿಂದಿಗೆ ನೀರು ಈ ಎರಡರ ನಡುವೆ ಉಳಿದುಹೋಗಿದೆ. ಅದು ಆಚರಣೆಯಷ್ಟು ವರ್ಣಮಯವಲ್ಲ, ಕೆರೆಯಂತೆ ಶಾಸನಗಳಲ್ಲಿ ದಾಖಲಾದುದೂ ಅಲ್ಲ. ಹಾಗಿದ್ದರೂ ಒಂದು ಊರು ನಿಲ್ಲುವುದೂ ಗುಳೆ ಹೋಗುವುದೂ ಅನೇಕ ವೇಳೆ ಆ ಬಿಂದಿಗೆಯನ್ನೇ ಅವಲಂಬಿಸಿದೆ.

ಪ್ರಸ್ತುತ ಲೇಖನದಲ್ಲಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಕುಡಿಯುವ ನೀರಿನ ವ್ಯವಸ್ಥೆಯ ನಂಬಲರ್ಹತೆಯನ್ನು ಬೇರೆ ಬೇರೆ ಕಾಲಗಳಲ್ಲಿ ಯಾರು, ಯಾವ ಕ್ರಮದಲ್ಲಿ ಗಮನಿಸುತ್ತಿದ್ದರು ಎಂಬುದನ್ನು ಪರಿಶೀಲಿಸಲು ಯತ್ನಿಸಲಾಗಿದೆ. ಇಲ್ಲಿನ ಮುಖ್ಯ ಪ್ರಶ್ನೆ ನೀರು ಇದೆಯೇ ಎಂಬುದಲ್ಲ. ಇಂದು ಬಂದ ನೀರು ನಾಳೆಯೂ ಬರುತ್ತದೆ ಎಂಬುದನ್ನು ಊರು ಹೇಗೆ ತಿಳಿದುಕೊಳ್ಳುತ್ತಿತ್ತು ಮತ್ತು ಬಾರದಿದ್ದಾಗ ಅದಕ್ಕೆ ಉತ್ತರ ಹೇಳಬೇಕಾದವರು ಯಾರಾಗಿದ್ದರು ಎಂಬುದು.

ಸೀಮೆಯ ಸ್ವರೂಪ

ಈ ಮೂರೂ ತಾಲ್ಲೂಕುಗಳು ಇಂದು ಒಂದೇ ಜಿಲ್ಲೆಗೆ ಸೇರಿದ್ದರೂ ಅವುಗಳ ಆಡಳಿತ ಚರಿತ್ರೆ ಒಂದೇ ಅಲ್ಲ. 1799ರಲ್ಲಿ ಟಿಪ್ಪುವಿನ ಪತನಾನಂತರ ಕೊಳ್ಳೇಗಾಲ ಸೀಮೆಯು ಇಂಗ್ಲಿಷರ ವಶವಾಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಹಾಗೆಯೇ ಇತ್ತು. ಪಕ್ಕದ ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ನೀಡಲಾಗಿದ್ದು, ಅದು ಮೈಸೂರು ಸಂಸ್ಥಾನದ ಒಳಗೇ ಉಳಿದಿತ್ತು. ಕೊಳ್ಳೇಗಾಲದ ಪೂರ್ವಭಾಗವಾಗಿದ್ದ ಹನೂರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. 1997ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಚಾಮರಾಜನಗರ ಜಿಲ್ಲೆಯನ್ನು ರಚಿಸುವವರೆಗೆ ಈ ಸೀಮೆಯ ಕಡತಗಳು ಮೈಸೂರಿನಲ್ಲಿದ್ದವು, ಅದಕ್ಕೂ ಮೊದಲು ಕೊಳ್ಳೇಗಾಲದವು ಕೊಯಮತ್ತೂರಿನಲ್ಲಿದ್ದವು. ಹೀಗಾಗಿ ನೆರೆಹೊರೆಯ ಎರಡು ಹಳ್ಳಿಗಳ ಬಾವಿಗಳ ಚರಿತ್ರೆಯು ಎರಡು ಸರ್ಕಾರಗಳ ಚರಿತ್ರೆಯಾಗಿ ಹಂಚಿಹೋಗಿದೆ.

ಭೂಮಿಯ ಸ್ವಭಾವವೂ ಭಿನ್ನವಾಗಿದೆ. ಯಳಂದೂರು ಸುವರ್ಣಾವತಿ ಅಥವಾ ಹೊನ್ನುಹೊಳೆಯ ಬಯಲು. ಯರಗಂಬಳ್ಳಿ, ಅಗರ, ಕೆಸ್ತೂರು ಮೊದಲಾದ ಊರುಗಳ ಕೆರೆಗಳು ಈ ಬಯಲಿನ ಅಂತರ್ಜಲವನ್ನು ಪೋಷಿಸುತ್ತ ಬಂದಿವೆ. ಕೊಳ್ಳೇಗಾಲದ ಉತ್ತರಕ್ಕೆ ಕಾವೇರಿ ಹರಿಯುತ್ತದೆ. ಕಾವೇರಿ ದಂಡೆಯ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂತಹ ಊರುಗಳಿಗೆ 2019ರ ಆಗಸ್ಟ್‌ನಲ್ಲಿ ಪ್ರವಾಹ ನುಗ್ಗಿತ್ತು. ಅಲ್ಲಿಂದ ಪೂರ್ವಕ್ಕೆ ಲೊಕ್ಕನಹಳ್ಳಿ, ಕೌದಳ್ಳಿ, ರಾಮಾಪುರ, ಮಾರ್ಟಳ್ಳಿ, ಪೊನ್ನಾಚಿಗಳ ಕಡೆ ಸಾಗಿದಂತೆ ಗಟ್ಟಿಶಿಲೆಯ ಗುಡ್ಡಗಾಡು ಆರಂಭವಾಗುತ್ತದೆ. ನೈಸ್ ಮತ್ತು ಚಾರ್ನೊಕೈಟ್ ಶಿಲೆಗಳಿಂದಾದ ಈ ನೆಲದಲ್ಲಿ ನೀರು ಮರಳಿನ ಪದರದಲ್ಲಿ ಹರಡಿಕೊಳ್ಳದೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಒಂದು ಹೊಲದಲ್ಲಿ ಕೊರೆದ ಬಾವಿಯಲ್ಲಿ ನೀರು ಉಕ್ಕಿದರೆ ನೂರು ಮಾರು ಆಚೆ ಕೊರೆದುದು ಧೂಳನ್ನಷ್ಟೇ ಮೇಲೆತ್ತಬಹುದು. ನೀರಿನ ನಂಬುಗೆಯ ಪ್ರಶ್ನೆ ಈ ಸೀಮೆಯಲ್ಲಿ ತೀವ್ರವಾಗಿರುವುದಕ್ಕೆ ಮೂಲಕಾರಣ ಇದೇ.

ಕಾವಲಿನ ಹಳೆಯ ಕ್ರಮ

ಹಳೆಯ ಮೈಸೂರು ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಆಯಗಾರರ ಪೈಕಿ ನೀರುಗಂಟಿಗೆ ಒಂದು ನಿಶ್ಚಿತ ಸ್ಥಾನವಿತ್ತು. ಕೆರೆಯ ತೂಬನ್ನು ತೆರೆಯುವುದು, ಮುಚ್ಚುವುದು, ನೀರಿನ ಮಟ್ಟವನ್ನು ನೋಡುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಂಚುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಅಳೆದುಕೊಡುವ ಆಯವೇ ಅವನ ಸಂಭಾವನೆ. ನೀರು ಸರಿಯಾಗಿ ಬಂದರೆ ಬೆಳೆ, ಬೆಳೆ ಬಂದರೆ ಆಯ. ನೋಡಿಕೊಳ್ಳುವವನ ಅನ್ನವೂ ನೋಡಿಕೊಳ್ಳಲ್ಪಡುವ ನೀರೂ ಒಂದೇ ಹಗ್ಗದಲ್ಲಿ ಕಟ್ಟಲ್ಪಟ್ಟಿದ್ದವು ಎಂಬುದು ಇಲ್ಲಿ ಗಮನಾರ್ಹ ಅಂಶ.

ಆದರೆ ನೀರುಗಂಟಿಯ ಕಾವಲು ಮುಖ್ಯವಾಗಿ ಬೆಳೆಯ ನೀರಿಗೆ ಸಂಬಂಧಿಸಿದ್ದು. ಕುಡಿಯುವ ನೀರಿನ ಸೆಲೆಗಳಿಗೆ ಇದ್ದ ಕಾವಲು ಬೇರೆಯದೇ ಬಗೆಯದು. ಅದು ಬಹುಮಟ್ಟಿಗೆ ಆಚರಣೆಯ ರೂಪದಲ್ಲಿತ್ತು. ಮಲೆ ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿಯ ಸಂದರ್ಭದಲ್ಲಿ ನಡೆಯುವ ಹಾಲರವೆ ಉತ್ಸವವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಳ್ಳಕ್ಕೆ ಹೋಗಿ, ಪೂಜೆ ಸಲ್ಲಿಸಿ, ಕಳಶಗಳಲ್ಲಿ ನೀರನ್ನು ಹೊತ್ತು ಮಾದಪ್ಪನ ಸನ್ನಿಧಿಗೆ ತರುತ್ತಾರೆ. ಇದನ್ನು ಭಕ್ತಿಯ ಆಚರಣೆಯೆಂದು ವಿವರಿಸುವುದು ಸರಿಯೇ. ಜೊತೆಗೆ, ಪ್ರತಿವರ್ಷ ಒಂದು ನಿಶ್ಚಿತ ದಿನ ಸಮುದಾಯದ ಕಣ್ಣುಗಳು ಆ ಹಳ್ಳವನ್ನು ನೋಡಿ ಬರುತ್ತವೆ ಎಂಬ ಅಂಶವೂ ಅದರಲ್ಲಿದೆ. ಹಳ್ಳದಲ್ಲಿ ನೀರು ಎಷ್ಟಿದೆ, ದಾರಿ ಮುಚ್ಚಿದೆಯೇ ತೆರೆದಿದೆಯೇ ಎಂಬುದು ಕೇಳದೆಯೇ ತಿಳಿಯುತ್ತದೆ. ಮುಂದಿನ ಪೀಳಿಗೆಯ ಹೆಣ್ಣುಮಕ್ಕಳಿಗೆ ಸೆಲೆಯ ಜಾಗ ಕಾಲಿನ ನೆನಪಾಗಿ ಉಳಿಯುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ಕ್ರಮ ಇನ್ನೂ ವ್ಯವಸ್ಥಿತವಾಗಿದೆ. ಅವರ ಎಲ್ಲೆಗಳೊಳಗಿನ ಪವಿತ್ರ ತಾಣಗಳಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿಗಳ ಜೊತೆಗೆ ಅಬ್ಬಿಯೂ, ಅಂದರೆ ನೀರಿನ ಸೆಲೆಯೂ, ಒಂದು ಸ್ವತಂತ್ರ ವರ್ಗವಾಗಿದೆ. ಪ್ರತಿಯೊಂದು ಎಲ್ಲೆಯೂ ಒಂದೊಂದು ಕುಲದ ಹೊಣೆ. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಮರದಂತಹ ತಾಣಗಳಲ್ಲಿ ಮರ, ದೈವ, ಹರಿವ ನೀರು ಬೇರೆ ಬೇರೆಯಾಗಿಲ್ಲ. 1974ರಲ್ಲಿ ವನ್ಯಧಾಮದ ಘೋಷಣೆಯಾದ ಮೇಲೆ ಅನೇಕ ಸೋಲಿಗ ಕುಟುಂಬಗಳು ಕಾಡಿನ ಒಳಗಿನಿಂದ ರಸ್ತೆಬದಿಯ ಪೋಡುಗಳಿಗೆ ಬರಬೇಕಾಯಿತು. ಹಾಗೆ ಬಂದವರಿಗೆ ಹೊಸ ಜಾಗದಲ್ಲಿ ಕೊಳವೆಯ ನೀರು ದೊರೆಯಿತಾದರೂ ಹಳೆಯ ಅಬ್ಬಿಗಳನ್ನು ನೋಡಿಬರುವ ಸರದಿ ಕಡಿದುಹೋಯಿತು. 2011ರಲ್ಲಿ ಅರಣ್ಯಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತದ್ದನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು. ಸೆಲೆಯನ್ನು ಬಲ್ಲವರಿಗೆ ಸೆಲೆಯ ಬಳಿಗೆ ಹೋಗುವ ಹಕ್ಕು ಇಲ್ಲದಿದ್ದರೆ ಬಲ್ಲಿಕೆ ನಿರರ್ಥಕ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಕ್ರಮವೆಲ್ಲ ಆದರ್ಶವಾಗಿತ್ತೆಂದು ಭಾವಿಸಲಾಗದು. ಕನ್ನಡ ಜನಪದ ಸಾಹಿತ್ಯದ ಪ್ರಸಿದ್ಧ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ತೆರಬೇಕಾದ ಬೆಲೆ ಕಿರಿಸೊಸೆ ಭಾಗೀರಥಿಯ ಜೀವವಾಗುತ್ತದೆ. ಆ ಹಾಡು ಉತ್ತರ ಕರ್ನಾಟಕದ್ದಾದರೂ ಅದರ ಆಶಯ ನಾಡಿನಾದ್ಯಂತ ಹಲವು ಕೆರೆಗಳ ಐತಿಹ್ಯಗಳಲ್ಲಿ ಹರಡಿದೆ. ನೀರಿನ ವ್ಯವಸ್ಥೆ ವಿಫಲವಾದಾಗ ಅದರ ಹೊರೆ ಊರಿನಲ್ಲಿ ಸಮನಾಗಿ ಹಂಚಿಕೆಯಾಗುವುದಿಲ್ಲ, ಅತ್ಯಂತ ಕಡಿಮೆ ಮಾತಿನ ಅಧಿಕಾರವುಳ್ಳವರ ಮೇಲೆ ಬೀಳುತ್ತದೆ ಎಂಬುದನ್ನು ಜನಪದರೇ ಕಂಡುಕೊಂಡಿದ್ದರು.

ಬಾವಿ ಮತ್ತು ಕೇರಿ

ಈ ಮಾತು ಬಾವಿಯ ವಿಷಯದಲ್ಲಿ ಇನ್ನೂ ಸ್ಪಷ್ಟ. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಎಂಬ ಗಾದೆ ಎಲ್ಲರಿಗೂ ತಿಳಿದದ್ದು. ಹೊಳೆಗೆ ಅಪ್ಪಣೆ ಬೇಡವಾಗಿರಬಹುದು, ಆದರೆ ಊರಬಾವಿಗೆ ಬೇಕಾಗಿತ್ತು. ಅಸ್ಪೃಶ್ಯರೆನಿಸಿಕೊಂಡವರು ಬಾವಿಯಿಂದ ದೂರ ನಿಂತು, ಮೇಲುಜಾತಿಯವರು ಸೇದಿ ಎತ್ತಿ ಹುಯ್ಯುವವರೆಗೆ ಕಾಯಬೇಕಾಗಿತ್ತು. ಅವರ ಪಾಲಿಗೆ ಬಾವಿ ತುಂಬಿದ್ದರೂ ನೀರು ನಂಬತಕ್ಕದ್ದಾಗಿರಲಿಲ್ಲ. ಅದು ಸೆಲೆಯ ಮೇಲಲ್ಲ, ಇನ್ನೊಬ್ಬರ ಮರ್ಜಿಯ ಮೇಲೆ ನಿಂತಿತ್ತು.

ಕೊಳ್ಳೇಗಾಲ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಶಾಸಕಾಂಗದ ಚರ್ಚೆಗಳು ಇಲ್ಲಿಗೂ ಸಂಬಂಧಿಸುತ್ತವೆ. 1924ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರು ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಮಂಡಿಸಿದ ನಿರ್ಣಯವು ಸಾರ್ವಜನಿಕ ರಸ್ತೆ, ಬಾವಿ, ಕೆರೆಗಳನ್ನು ಬಳಸಲು ಶೋಷಿತ ವರ್ಗಗಳಿಗೂ ಹಕ್ಕಿದೆ ಎಂದು ಸಾರಿತು. ಮಹಾಡದ ಚವದಾರ್ ಕೆರೆಯ ನೀರನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರು ತಮ್ಮ ಜನರೊಂದಿಗೆ ಮುಟ್ಟಿ ಕುಡಿದದ್ದು ಇದಾದ ಮೂರು ವರ್ಷಗಳಿಗೆ, 1927ರ ಮಾರ್ಚ್ 20ರಂದು. ಅದೇ ಅವಧಿಯಲ್ಲಿ ಮದ್ರಾಸ್ ಸರ್ಕಾರದ ಕಾರ್ಮಿಕ ಇಲಾಖೆಯು ಶೋಷಿತ ವರ್ಗಗಳಿಗೆಂದು ಪ್ರತ್ಯೇಕ ಬಾವಿಗಳನ್ನು ತೋಡಿಸುವ ಕೆಲಸವನ್ನೂ ಕೈಗೊಂಡಿತು. ಬಾಯಾರಿದವರಿಗೆ ಇದು ತಕ್ಷಣದ ಉಪಶಮನ. ಆದರೆ ಹಕ್ಕಿನ ಬದಲಿಗೆ ಬೇರೆ ಬಾವಿ ಎಂಬ ಪರಿಹಾರವು ಬೇರ್ಪಡುವಿಕೆಯನ್ನೇ ಕಲ್ಲುಗಾರೆಯಲ್ಲಿ ಸ್ಥಿರಗೊಳಿಸಿತು.

ಸಂವಿಧಾನದ 15ನೆಯ ವಿಧಿಯು ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಯಲ್ಲಿ ತಾರತಮ್ಯವನ್ನು ಹೆಸರಿಸಿಯೇ ನಿಷೇಧಿಸಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ದಂಡನೀಯಗೊಳಿಸಿತು. ಆದರೂ ಕೇರಿಗೊಂದು ಬಾವಿ ಎಂಬ ನಕ್ಷೆಯು ಕೇರಿಗೊಂದು ತೊಂಬೆ ಎಂಬ ನಕ್ಷೆಯಾಗಿ ಮುಂದುವರಿದದ್ದನ್ನು ಈ ಭಾಗದ ಹಳ್ಳಿಗಳಲ್ಲಿ ಯಾರೂ ಕಾಣಬಹುದು. 2022ರ ನವೆಂಬರ್‌ನಲ್ಲಿ ನೆರೆಯ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ಗ್ರಾಮದಲ್ಲಿ ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂಬ ಕಾರಣಕ್ಕೆ ತೊಂಬೆಯ ನೀರನ್ನು ಖಾಲಿ ಮಾಡಿ ಗೋಮೂತ್ರದಿಂದ ತೊಳೆದ ಘಟನೆ ವರದಿಯಾಯಿತು. ಬಳಿಕ ಅಧಿಕಾರಿಗಳು ದಲಿತರನ್ನು ಕರೆದೊಯ್ದು ಊರಿನ ತೊಂಬೆಗಳಿಂದ ನೀರು ಕುಡಿಸಿದರು. ಯಾವ ತಪಾಸಣಾ ಪಟ್ಟಿಯಲ್ಲಿ ನೋಡಿದರೂ ಆ ತೊಂಬೆ ಸುಸ್ಥಿತಿಯಲ್ಲಿತ್ತು. ನೀರಿತ್ತು, ನಲ್ಲಿ ಸರಿಯಾಗಿತ್ತು. ಪಟ್ಟಿಯಲ್ಲಿ ಇಲ್ಲದೇ ಇದ್ದ ಕಾಲಮು ಒಂದೇ, ಯಾರು ಕುಡಿಯಬಹುದು ಎಂಬುದು.

ಕೊಳವೆಬಾವಿಯ ಕಾಲ

ಸ್ವಾತಂತ್ರ್ಯಾನಂತರ ಗ್ರಾಮೀಣ ಕುಡಿಯುವ ನೀರಿನಲ್ಲಿ ನಿರ್ಣಾಯಕ ಬದಲಾವಣೆ ಬಂದದ್ದು 1970ರ ದಶಕದಲ್ಲಿ. 1972-73ರಲ್ಲಿ ಕೇಂದ್ರ ಸರ್ಕಾರವು ತ್ವರಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮವನ್ನು ಆರಂಭಿಸಿತು. ಗಟ್ಟಿಶಿಲೆಯನ್ನು ಕೊರೆಯುವ ಯಂತ್ರಗಳು ಮತ್ತು ಅದೇ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್-2 ಕೈಪಂಪು ಹಳ್ಳಿಗಳನ್ನು ತಲುಪಿದವು. ಕರ್ನಾಟಕದಲ್ಲಿ ಇದಕ್ಕೆ ವೇಗ ಬಂದದ್ದು 1983ರ ನಂತರ, ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದಾಗ. ಇದೇ ಜಿಲ್ಲೆಯ ಗುಂಡ್ಲುಪೇಟೆಯವರಾದ ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದದ್ದು ಒಂದು ಜಾನಪದೀಯ ಸಂಗತಿಯೇ ಸರಿ. ಆಡಳಿತಗಾರನೊಬ್ಬನಿಗೆ ಜನ ಕೊಟ್ಟ ಹೆಸರು ಅವನ ಹುದ್ದೆಯಿಂದಲ್ಲ, ಬಿಂದಿಗೆಗೆ ಬಿದ್ದ ನೀರಿನಿಂದ ಹುಟ್ಟಿತು. ಕೊಳವೆಬಾವಿ ಕೊರೆಯಿಸಿದವರೇ ಅಧಿಕಾರ ವಿಕೇಂದ್ರೀಕರಣದ 1983ರ ಕಾಯ್ದೆಯ ಹಿಂದೆಯೂ ಇದ್ದರು ಎಂಬುದು ಕಾಕತಾಳೀಯವಲ್ಲ. ಯಂತ್ರ ಊರಿಗೆ ಬಂದರೆ ಸಾಲದು, ಅದನ್ನು ನೋಡಿಕೊಳ್ಳುವ ಅಧಿಕಾರವೂ ಊರಿಗೆ ಬರಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು.

ಕೊಳವೆಬಾವಿಯ ಲಾಭವನ್ನು ಅಲ್ಲಗಳೆಯುವಂತಿಲ್ಲ. ಮೆಟ್ಟಿಲುಬಾವಿಯ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ರೋಗದ ಕೊನೆಯ ಪ್ರಕರಣ ಭಾರತದಲ್ಲಿ ದಾಖಲಾದದ್ದು 1996ರಲ್ಲಿ. 2000ದಲ್ಲಿ ದೇಶ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಮುಚ್ಚಿದ ಕೊಳವೆಯ ನೀರಿಗೆ ಇದರಲ್ಲಿ ದೊಡ್ಡ ಪಾಲಿದೆ. ಆದರೆ ಕೊಳವೆಬಾವಿಯೊಡನೆ ಸೆಲೆಯು ಕಣ್ಣಿನಿಂದ ಮರೆಯಾಯಿತು. ತೆರೆದ ಬಾವಿಯಲ್ಲಿ ಇಣುಕಿದ ಹೆಂಗಸಿಗೆ ಹಗ್ಗದ ಎಷ್ಟನೆಯ ಗಂಟಿಗೆ ನೀರು ಸಿಕ್ಕಿತೆಂಬುದು ಗೊತ್ತಿತ್ತು. ಚೈತ್ರದಲ್ಲಿ ಎರಡು ಗಂಟು ಇಳಿದರೆ ವೈಶಾಖದ ಗತಿಯನ್ನು ಅವಳು ಊಹಿಸಬಲ್ಲವಳಾಗಿದ್ದಳು. ನೂರಾರು ಅಡಿ ಆಳದ ಕಬ್ಬಿಣದ ಕೊಳವೆಯೊಳಗೆ ಯಾರೂ ಇಣುಕಲಾರರು.

ಈ ಪಲ್ಲಟವು ಭಾಷೆಯಲ್ಲಿಯೂ ದಾಖಲಾಗಿದೆ. ಹಿಂದಿನವರು ಬಾವಿ ಬತ್ತಿದಾಗ ಗಂಗಮ್ಮ ಮುನಿದಳು ಎನ್ನುತ್ತಿದ್ದರು. ಮುನಿದವಳಿಗೆ ಮುನಿಸಿಗೊಂದು ಕಾರಣವಿರಬೇಕು, ಆ ಕಾರಣ ಊರಿನ ನಡತೆಯಲ್ಲಿರಬೇಕು, ಆದ್ದರಿಂದ ಊರೇ ಏನಾದರೂ ಮಾಡಬೇಕು. ಇಂದು ಬೋರು ಕೈಕೊಟ್ಟಿತು, ಮೋಟಾರು ಸುಟ್ಟಿತು ಎನ್ನುತ್ತೇವೆ. ಇಲ್ಲಿ ಕರ್ತೃ ಯಂತ್ರ, ಹೊಣೆ ಯಾರದೂ ಅಲ್ಲ. ಮೊದಲ ಮಾತು ಮೂಢನಂಬಿಕೆಯೆಂದೂ ಎರಡನೆಯದು ವೈಚಾರಿಕವೆಂದೂ ತಟ್ಟನೆ ತೀರ್ಮಾನಿಸುವ ಮುನ್ನ, ಯಾವ ಮಾತು ಜನರನ್ನು ಕೆಲಸಕ್ಕೆ ಎಬ್ಬಿಸುತ್ತದೆ ಎಂಬುದನ್ನೂ ವಿಚಾರಿಸಬೇಕಾಗಿದೆ.

ಇನ್ನೊಂದು ಪದದ ಚರಿತ್ರೆಯೂ ಇಲ್ಲಿ ಉಲ್ಲೇಖಾರ್ಹ. ಗ್ರಾಮ ಪಂಚಾಯಿತಿಯಲ್ಲಿ ಮೋಟಾರು ಚಾಲೂ ಮಾಡಿ, ವಾಲ್ವು ತಿರುಗಿಸಿ, ಓಣಿಯಿಂದ ಓಣಿಗೆ ನೀರು ಬಿಡುವ ನೌಕರನನ್ನು ಇಂದಿಗೂ ನೀರುಗಂಟಿ ಎಂದೇ ಕರೆಯುತ್ತಾರೆ. ಹೆಸರು ಉಳಿದಿದೆ, ಸಂಬಂಧ ಬದಲಾಗಿದೆ. ಹಿಂದಿನವನ ಆಯ ನೀರಿನ ಯಶಸ್ಸಿಗೆ ಕಟ್ಟಲ್ಪಟ್ಟಿತ್ತು. ಇಂದಿನವನ ಕೂಲಿ ಪಂಚಾಯಿತಿಯ ಹಣಕಾಸಿಗೆ ಕಟ್ಟಲ್ಪಟ್ಟಿದೆ. ವಿದ್ಯುತ್ತು ಬರುವ ಹೊತ್ತು ಅವನ ಕೈಯಲ್ಲಿಲ್ಲ. ಈ ಸೀಮೆಯ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ತು ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಒಂದು ಶತಮಾನದ ನಂತರವೂ ಹನೂರಿನ ಗುಡ್ಡಗಾಡಿನಲ್ಲಿ ನೀರಿನ ಹೊತ್ತನ್ನು ವಿದ್ಯುತ್ತಿನ ಹೊತ್ತೇ ನಿರ್ಧರಿಸುತ್ತದೆ.

ಅಳತೆಯ ಎರಡು ಭಾಷೆಗಳು

ಹನೂರು ಭಾಗದ ಮಹಿಳೆಯರೊಡನೆ ಮಾತನಾಡುವಾಗ ನೀರಿನ ಗುಣವನ್ನು ಸೂಚಿಸುವ ಹಲವು ಮಾತುಗಳು ಕಿವಿಗೆ ಬೀಳುತ್ತವೆ. ಸಿಹಿನೀರು, ಸಪ್ಪೆನೀರು, ಚೌಳುನೀರು, ಗಡಸುನೀರು. ಇವು ಬರಿಯ ರುಚಿಯ ಹೆಸರುಗಳಲ್ಲ, ಪರೀಕ್ಷೆಯ ಫಲಿತಾಂಶಗಳು. ಬೇಳೆ ಬೇಗ ಬೆಂದರೆ ನೀರು ಮೆದು, ಬೇಯದೆ ಕಾಳಾಗಿಯೇ ಉಳಿದರೆ ಗಡಸು. ಸೋಪು ನೊರೆ ಕೊಡದಿದ್ದರೆ ಗಡಸು. ಪಾತ್ರೆಯ ತಳದಲ್ಲಿ ಬಿಳಿಯ ಪಟ್ಟು ಕಟ್ಟಿದರೆ ಆ ನೀರು ಕುಡಿಯಲು ಬೇಡ. ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳ ಪ್ರಮಾಣವನ್ನು ಪ್ರಯೋಗಶಾಲೆ ಅಂಕಿಗಳಲ್ಲಿ ಹೇಳುವುದನ್ನೇ ಒಲೆಯ ಮುಂದೆ ಕುಳಿತವಳು ಬೇಳೆಯಲ್ಲಿ ಓದುತ್ತಾಳೆ. ಕೈಪಂಪಿನಲ್ಲಿ ಎಷ್ಟನೆಯ ಒತ್ತಿಗೆ ನೀರು ಬಂತೆಂಬುದನ್ನು ಆಕೆ ಎಣಿಸುತ್ತಾಳೆ. ಒತ್ತುಗಳು ದಿನೇದಿನೇ ಹೆಚ್ಚಿದರೆ ಒಳಗಿನ ವಾಷರು ಸವೆದಿದೆ, ಇಲ್ಲವೇ ಜಲಮಟ್ಟ ಇಳಿದಿದೆ. ಪಂಪು ಕೆಡುವ ಮೊದಲೇ ಅದು ಕೆಡಲಿದೆ ಎಂದು ತಿಳಿಸುವ ಮಾಹಿತಿ ಇದು. ಇದನ್ನು ಬರೆದುಕೊಳ್ಳುವ ಪುಸ್ತಕ ಯಾವ ಕಚೇರಿಯಲ್ಲಿಯೂ ಇಲ್ಲ.

ಆದರೆ ಈ ತಿಳಿವಳಿಕೆಗೂ ಒಂದು ಮಿತಿಯಿದೆ. ಅದನ್ನು ಮರೆಮಾಚುವುದು ಜಾನಪದ ವಿದ್ವಾಂಸರಿಗೆ ಶೋಭಿಸದು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ನೈಟ್ರೇಟಿಗೂ ಅಷ್ಟೇ. ಗಟ್ಟಿಶಿಲೆಯ ಆಳದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿ ಸೇರುವ ಸಾಧ್ಯತೆ ಹೆಚ್ಚು. ಅಂದರೆ ಬಾವಿ ಆಳವಾದಷ್ಟೂ ನಾಲಗೆಗೆ ತಿಳಿಯದ ಅಪಾಯವೂ ಹೆಚ್ಚಬಹುದು. 1983ರಲ್ಲಿ ಮೊದಲು ಪ್ರಕಟವಾಗಿ 2012ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಾಗ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನೈಟ್ರೇಟಿನ ಮಿತಿ 45 ಮಿಲಿಗ್ರಾಂ. ತೆರೆದ ಬಾವಿಯ ಕಾಲದಲ್ಲಿ ರೂಪುಗೊಂಡ ನಾಲಗೆಯ ಜ್ಞಾನಕ್ಕೆ ಈ ಅಂಕಿಗಳು ನಿಲುಕವು. ಅಜ್ಜಿ ಸಿಹಿಯೆಂದು ಹೊಗಳಿದ ನೀರೇ ಮೊಮ್ಮಗನ ಹಲ್ಲಿನ ಮೇಲೆ ಕಂದುಗೆರೆ ಮೂಡಿಸಬಹುದು.

ಹೀಗೆ ಎರಡು ಅಳತೆಗಳು ಪರಸ್ಪರ ಕುರುಡಾದ ಜಾಗಗಳನ್ನು ನೋಡುತ್ತವೆ. ಪ್ರಯೋಗಶಾಲೆ ಕಾಣದಿರುವುದನ್ನು, ಅಂದರೆ ಕಾಯುವ ಹೊತ್ತು, ಕೊನೆಯ ಓಣಿಗೆ ಬತ್ತಿಹೋಗುವ ಹರಿವು, ಕೊಡದ ಭಾರ, ಬೈಗುಳ, ಇವನ್ನು ಹೆಂಗಸರು ಬಲ್ಲರು. ಹೆಂಗಸರು ಕಾಣದಿರುವುದನ್ನು ಪ್ರಯೋಗಶಾಲೆ ಬಲ್ಲದು. ಒಂದು ಇನ್ನೊಂದಕ್ಕೆ ಬದಲಿಯಾಗದು.

ನಲ್ಲಿಯ ಎಣಿಕೆ, ದಿನದ ಎಣಿಕೆ

ಸರ್ಕಾರಿ ಯೋಜನೆಗಳು ಏನನ್ನು ಎಣಿಸುತ್ತ ಬಂದವು ಎಂಬುದೂ ಒಂದು ಚರಿತ್ರೆ. ತ್ವರಿತ ಕಾರ್ಯಕ್ರಮದ ಕಾಲದ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 40 ಲೀಟರ್ ನೀರು: ಕುಡಿಯಲು 3, ಅಡಿಗೆಗೆ 5, ಸ್ನಾನಕ್ಕೆ 15, ಪಾತ್ರೆ ಮತ್ತು ಮನೆ ತೊಳೆಯಲು 7, ಬಟ್ಟೆ ಹಾಗೂ ಶೌಚಕ್ಕೆ 10. ಪ್ರತಿ 250 ಜನಕ್ಕೆ ಒಂದು ಕೈಪಂಪು. ಮೂಲವು ಬಯಲಿನಲ್ಲಿ 1.6 ಕಿಲೋಮೀಟರಿನೊಳಗೆ, ಗುಡ್ಡಗಾಡಿನಲ್ಲಿ 100 ಮೀಟರ್ ಎತ್ತರದ ವ್ಯತ್ಯಾಸದೊಳಗೆ ಇರಬೇಕು. ಈ ಲೆಕ್ಕದಲ್ಲಿ ದನವಿಲ್ಲ. ಆಲಂಬಾಡಿ ತಳಿಯ ರಾಸುಗಳಿಗೆ ಹೆಸರಾದ, ದೊಡ್ಡಿಗಳ ಸುತ್ತ ಬದುಕು ಕಟ್ಟಿಕೊಂಡ ಸೀಮೆಯಲ್ಲಿ ದನಕ್ಕೆ ನೀರಿಲ್ಲದ ಮನೆಗೆ ನೀರಿದೆ ಎನ್ನುವುದು ಹೇಗೆ?

2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ್ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’, ಮಾನದಂಡವನ್ನು 55 ಲೀಟರಿಗೆ ಏರಿಸಿ ಪ್ರತಿ ಮನೆಗೂ ನಲ್ಲಿಯ ಗುರಿಯನ್ನಿಟ್ಟಿತು. ಪ್ರಮಾಣ, ಗುಣಮಟ್ಟ, ಕ್ರಮಬದ್ಧತೆ ಎಂಬ ಮೂರನ್ನೂ ಸೇರಿಸಿ ನಲ್ಲಿಯ ಕಾರ್ಯಕ್ಷಮತೆಯನ್ನು ನಿರ್ವಚಿಸಿದ್ದು, ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ನೀಡಬೇಕೆಂದದ್ದು ಮಹತ್ವದ ಹೆಜ್ಜೆಗಳು. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2025ರ ಕೇಂದ್ರ ಆಯವ್ಯಯದಲ್ಲಿ 2028ರವರೆಗೆ ವಿಸ್ತರಿಸಲಾಯಿತು. ನಲ್ಲಿ ಹಾಕುವುದಕ್ಕಿಂತ ನಲ್ಲಿಯಲ್ಲಿ ನೀರು ಉಳಿಸುವುದು ಕಠಿಣ ಎಂಬುದು ಈ ನಡುವೆ ಎಲ್ಲರಿಗೂ ಮನವರಿಕೆಯಾಗಿದೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಸೆಲೆ ಬತ್ತಿದ ಮೇಲೆ ನಲ್ಲಿಯ ಸಂಖ್ಯೆ ಏನನ್ನೂ ಹೇಳದು.

ಇಲ್ಲಿ ಎಣಿಕೆಯ ಒಂದು ದೋಷವನ್ನು ಸರಳ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಹತ್ತು ನೀರಿನ ಮೂಲಗಳಿರುವ ಒಂದು ಬಯಲೂರು, ಒಂದೇ ಮೂಲವಿರುವ ಒಂದು ಗುಡ್ಡದೂರು ಇವೆಯೆಂದುಕೊಳ್ಳೋಣ. ಎರಡೂ ಕಡೆ ಪ್ರತಿಯೊಂದು ಮೂಲವೂ ತಿಂಗಳಿಗೆ ಮೂರು ದಿನ ಕೆಡುತ್ತದೆ. ಯಾವ ದಿನ ತಪಾಸಣೆ ಮಾಡಿದರೂ ಸರಾಸರಿಯಲ್ಲಿ ಶೇಕಡ 90ರಷ್ಟು ಮೂಲಗಳು ಸುಸ್ಥಿತಿಯಲ್ಲಿವೆ ಎಂಬ ವರದಿಯೇ ಬರುತ್ತದೆ. ಆದರೆ ಬಯಲೂರಿನಲ್ಲಿ ಒಂದು ಕೆಟ್ಟರೆ ಒಂಬತ್ತು ಉಳಿಯುತ್ತವೆ, ಅಲ್ಲಿ ನೀರಿಲ್ಲದ ದಿನವೇ ಅಪರೂಪ. ಗುಡ್ಡದೂರಿನಲ್ಲಿ ವರ್ಷಕ್ಕೆ 36 ದಿನ ಹನಿ ನೀರಿಲ್ಲ. ಶೇಕಡಾವಾರು ಒಂದೇ, ಬದುಕು ಬೇರೆ. ಯಳಂದೂರಿನ ಬಯಲಿಗೂ ಹನೂರಿನ ಕಾಡಂಚಿನ ಹಾಡಿಗಳಿಗೂ ಇರುವ ಅಂತರ ಇದೇ ಸ್ವರೂಪದ್ದು. ಆದುದರಿಂದ ಎಣಿಸಬೇಕಾದದ್ದು ಕೆಟ್ಟ ಪಂಪುಗಳನ್ನಲ್ಲ, ನೀರಿಲ್ಲದ ದಿನಗಳನ್ನು. ಕೆಟ್ಟ ದಿನದಿಂದ ಸರಿಹೋದ ದಿನದವರೆಗಿನ ಅಂತರವನ್ನು. ಕೀನ್ಯಾ ದೇಶದ ಕ್ಯೂಸೋ ಪ್ರದೇಶದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೈಪಂಪಿನ ಹಿಡಿಯ ಚಲನೆಯನ್ನು ಮೊಬೈಲ್ ಸಂದೇಶವಾಗಿ ಕಳಿಸುವ ಸಾಧನವನ್ನು ಅಳವಡಿಸಿ, ಅದರೊಡನೆ ದುರಸ್ತಿಯ ತಂಡವನ್ನೂ ನೇಮಿಸಿದಾಗ ಸುಮಾರು ಒಂದು ತಿಂಗಳಾಗುತ್ತಿದ್ದ ದುರಸ್ತಿ ಮೂರು ದಿನಗಳೊಳಗೆ ಮುಗಿಯತೊಡಗಿತು. ಅಲ್ಲಿ ಯಂತ್ರ ಎಣಿಸಿದ್ದು ನಮ್ಮ ಹೆಂಗಸರು ಎಣಿಸುತ್ತ ಬಂದ ಅದೇ ಒತ್ತುಗಳನ್ನು. ಫಲ ದೊರೆತದ್ದು ಎಣಿಕೆಯಿಂದಲ್ಲ, ಎಣಿಕೆಗೆ ಉತ್ತರವಾಗಿ ರಿಪೇರಿಗೆ ಹೊರಟ ಕಾಲುಗಳಿಂದ.

ಉತ್ತರವಿಲ್ಲದ ಎಣಿಕೆಯ ಪರಿಣಾಮವನ್ನೂ ಈ ಸೀಮೆ ಕಂಡಿದೆ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ ಮಲೆ ಮಹದೇಶ್ವರ ವನ್ಯಧಾಮದೊಳಗಿನ ಇಂಡಿಗನತ್ತ ಗ್ರಾಮದಲ್ಲಿ ಮೂಲಸೌಕರ್ಯಗಳಿಲ್ಲವೆಂದು ಮತದಾನ ಬಹಿಷ್ಕಾರ ನಡೆದು, ಅದು ಮತಗಟ್ಟೆಯ ಧ್ವಂಸದಲ್ಲಿ ಕೊನೆಗೊಂಡು, ಏಪ್ರಿಲ್ 29ರಂದು ಮರುಮತದಾನ ನಡೆಸಬೇಕಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ತಮ್ಮ ನೀರು, ದಾರಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲವೆಂದು ಭಾವಿಸಿದ ಜನ ತಮ್ಮ ಮತದ ಲೆಕ್ಕವನ್ನೂ ಕೊಡಲೊಲ್ಲೆವೆಂದರು ಎಂಬುದನ್ನು ಚರಿತ್ರೆ ದಾಖಲಿಸಿಕೊಳ್ಳಬೇಕು.

ಉಪಸಂಹಾರ

ಕೊನೆಯಲ್ಲಿ ಪ್ರಸ್ತುತ ಲೇಖಕ ತನ್ನದೇ ಒಂದು ತಪ್ಪನ್ನು ಇಲ್ಲಿ ದಾಖಲಿಸುವುದು ಅಗತ್ಯ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಡಾಕ್ಟರೇಟ್ ಪದವಿಯ ಕ್ಷೇತ್ರಕಾರ್ಯಕ್ಕಾಗಿ ಹನೂರು ಕಡೆಯ ಒಂದು ಊರಿನಲ್ಲಿ ಮಾದಪ್ಪನ ಪದಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಗ, ಹಾಡುತ್ತಿದ್ದ ಮಹಿಳೆಯರು ನಡುವೆಯೇ ಎದ್ದು ಹೋದರು. ತೊಂಬೆಗೆ ನೀರು ಬಂದಿತ್ತು. ಮರಳಿ ಬಂದವರು ಹಾಡಿನ ಬದಲು ನೀರಿನ ಮಾತನ್ನೇ ಆಡಿದರು. ಎಷ್ಟು ದಿನಕ್ಕೆ ಬಂತು, ಯಾರ ಸರದಿ ತಪ್ಪಿತು, ಹಿಂದೆ ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತಿತ್ತು ಎಂಬ ಮಾತು. ಪಠ್ಯವನ್ನು ಸಿದ್ಧಪಡಿಸುವಾಗ ಆ ಭಾಗವನ್ನು ಅಪ್ರಸ್ತುತವೆಂದು ಬಿಟ್ಟುಬಿಟ್ಟೆ. ಆ ಟೇಪಿನ ಮೇಲೆಯೇ ಮುಂದೆ ಬೇರೊಂದು ಹಾಡು ಮುದ್ರಿತವಾಯಿತು. ಆ ಊರಿನ ನೀರಿನ ಚರಿತ್ರೆಗೆ ಇದ್ದ ಏಕೈಕ ಮೌಖಿಕ ದಾಖಲೆಯನ್ನು ಜಾನಪದದ ಹೆಸರಿನಲ್ಲಿಯೇ ಅಳಿಸಿದಂತಾಯಿತು.

ಈ ಅಧ್ಯಯನದಿಂದ ಹೊರಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ನೀರಿನ ನಂಬುಗೆಯನ್ನು ಕಾಯುವ ಕೆಲಸ ಈ ಸೀಮೆಗೆ ಹೊಸದಲ್ಲ. ಆಚರಣೆ, ಆಯ, ಕುಲದ ಎಲ್ಲೆಗಳ ಮೂಲಕ ಅದು ನಡೆದುಬಂದಿದೆ. ಆ ಕ್ರಮದೊಳಗೆ ಜಾತಿಯ ಕ್ರೌರ್ಯವೂ ಇತ್ತು, ಅದು ಬಾವಿಯಿಂದ ತೊಂಬೆಗೆ ದಾಟಿ ಬಂದಿದೆ. ಕೊಳವೆಬಾವಿಯು ರೋಗವನ್ನು ತಡೆಯಿತು, ಆದರೆ ಸೆಲೆಯನ್ನು ಕಣ್ಮರೆ ಮಾಡಿ ಊರಿನ ಕಾವಲನ್ನು ಸಡಿಲಿಸಿತು. ಇಂದಿನ ತಪಾಸಣೆಗೆ ಪ್ರಯೋಗಶಾಲೆಯ ಅಂಕಿಯೂ ಬೇಕು, ಹೆಂಗಸರ ಎಣಿಕೆಯೂ ಬೇಕು, ಯಾರಿಗೆ ನೀರು ದೊರೆಯಲಿಲ್ಲ ಎಂಬ ಪ್ರಶ್ನೆಯೂ ಬೇಕು. ಹೊಳೆಗೆ ಸುರಿದರೂ ಅಳೆದು ಸುರಿ ಎಂದಿದ್ದಾರೆ ಹಿರಿಯರು. ಹೊಳೆಯೇ ಇಲ್ಲದ ಊರಿನಲ್ಲಿ ಅಳತೆ ಇನ್ನೂ ಅಗತ್ಯ. ಆ ಅಳತೆಯ ಪುಸ್ತಕ ತಾಲ್ಲೂಕು ಕಚೇರಿಯಲ್ಲಲ್ಲ, ಊರಿನಲ್ಲಿ, ಬಿಂದಿಗೆ ಹೊರುವವರ ಕೈಯಲ್ಲಿರಬೇಕು. ನಮ್ಮ ಸಂಗ್ರಾಹಕರು ಹಾಡಿನ ನಡುವೆ ಎದ್ದು ಹೋಗುವವರನ್ನು ಕಂಡಾಗ ಯಂತ್ರವನ್ನು ನಿಲ್ಲಿಸದಿರಲಿ. ಅವರು ಮರಳಿ ಬಂದು ಆಡುವ ಮಾತೂ ಜಾನಪದವೇ.